ಮುತ್ಯಾನ ಬಾವಿಗೆ ಬಿಸಿಲಿನ ಪಂಪು

ಚಿಕ್ಕೋಡಿಯ ಕಚೇರಿಯಲ್ಲಿ ಅರ್ಜಿ ನೋಡುತ್ತಿದ್ದ ಸಾಹೇಬರು ಕನ್ನಡಕ ಹಣೆಗೇರಿಸಿ, "ಬಾವಿ ಯಾರ ಹೆಸರಿನ್ಯಾಗ ಐತ್ರಿ?" ಎಂದು ಕೇಳಿದರು.

"ನಮ್ಮ ಮುತ್ಯಾನ ಹೆಸರಿನ್ಯಾಗ ಐತ್ರಿ."

"ಹಂಗಾದ್ರ ಅವರನ್ನ ಕರ್ಕೊಂಡ ಬರ್ರಿ. ಹೆಬ್ಬಟ್ಟ ಒತ್ತಬೇಕು, ಫೋಟೋ ತೆಗಿಬೇಕು."

ಮುತ್ಯಾ ಅಂದರೆ ನನ್ನ ಗಂಡನ ಅಜ್ಜ. ನಾನು ಕರೋಶಿಗೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ನಾನು ಅವರನ್ನು ಕಂಡದ್ದು ಪಡಸಾಲೆಯ ಗೋಡೆಯ ಫೋಟೋದಲ್ಲಿ, ಅದರಲ್ಲೂ ರುಮಾಲಿನ ಕೆಳಗಿನ ಮುಖ ಅರ್ಧ ಮಾಸಿಹೋಗಿದೆ. ಇದನ್ನೆಲ್ಲ ಹೇಳಿದೆ. ಸಾಹೇಬರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ತೀರಿಕೊಂಡವರಿಗೆ ಸಬ್ಸಿಡಿ ಬರೂದಿಲ್ರಿ ಅಕ್ಕಾರ" ಎಂದು ಕಾಗದದ ಕಟ್ಟನ್ನು ನನ್ನ ಕಡೆಗೆ ಸರಿಸಿ, ಹಿಂದೆ ನಿಂತವರನ್ನು ಕರೆದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ತವರಿನಲ್ಲಿ ಇದ್ದಾಗಲೂ ಹಾಗೇ, ಈಗ ಮೊಮ್ಮಕ್ಕಳಾದ ಮೇಲೂ ಹಾಗೇ. ಸೌರ ಪಂಪಿನ ಸಬ್ಸಿಡಿಗಾಗಿ ಮೂರು ವರ್ಷ ಓಡಾಡಿದ ನನ್ನ ಈ ಕತೆಯಲ್ಲಿ ಬೈಗುಳ ಜಾಸ್ತಿ ಬರುತ್ತವೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೆ ಆ ಮೊದಲ ದಿನ ಮಾತ್ರ ನನ್ನ ಬಾಯಿ ಕಟ್ಟಿಹೋಗಿತ್ತು. ಬಾವಿಯನ್ನು ಸತ್ತ ಮುತ್ಯಾನ ಹೆಸರಿನಲ್ಲಿ ಉಳಿಸಿದ್ದು ಬೇರೆ ಯಾರೂ ಅಲ್ಲ, ನಾನೇ ಬರೆದ ಒಂದು ಅರ್ಜಿ.

ಅದನ್ನು ಹೇಳುವ ಮೊದಲು ಪಂಪು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು.

ನಮ್ಮ ಮನೆಯವರು ನೀರು ಹಾಯಿಸುವುದರಲ್ಲಿ ದೊಡ್ಡ ಹೆಸರು. ನೀರು ಹಾಯಿಸುವುದರಲ್ಲಿ ಏನು ದೊಡ್ಡದು ಎಂದು ಪೇಟೆಯವರು ಕೇಳಬಹುದು. ಕಬ್ಬಿನ ಹೊಲದ ತಲೆಗೆ ನಿಂತು, ಒಂದು ಸಾಲು ಕುಡಿದು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದೇ ಸಲಿಕೆ ಮಣ್ಣಿನಿಂದ ಅದರ ಬಾಯಿ ಮುಚ್ಚಿ, ಅದೇ ಏಟಿಗೆ ಮುಂದಿನದರ ಬಾಯಿ ತೆರೆಯಬೇಕು. ಅವಸರ ಮಾಡಿದರೆ ಸಾಲಿನ ತುದಿ ಒಣಗುತ್ತದೆ, ತಡ ಮಾಡಿದರೆ ಸಾಲಿನ ಬದಿಯ ಮಣ್ಣಿನ ಏರಿ, ಅಂದರೆ ಬೋದು, ಒಡೆದು ನೀರು ಪಕ್ಕದವರ ಪಾಲಾಗುತ್ತದೆ. ಇವರು ಎರಡನೇ ಏಟು ಹಾಕಿದ್ದನ್ನು ನಾನು ನೋಡಿಲ್ಲ. ನಮ್ಮ ಕಡೆ ಹೊಸದಾಗಿ ಕಬ್ಬು ನೆಟ್ಟವರು ಮೊದಲ ನೀರಿಗೆ ಕೈಗುಣ ಇದ್ದವರನ್ನು ಕರೆಯುತ್ತಾರೆ. ಅರ್ಧ ಊರು ಇವರನ್ನೇ ಕರೆಯುತ್ತಿತ್ತು. ಹೋಗಿ ಬಂದ ದಿನ ಇವರ ಮುಖ ನೋಡಬೇಕಿತ್ತು, ಲಗ್ನದ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಇಂಥವರಿಗೆ ಇರುಳುಗುರುಡು ಬಂತು. ಮೊದಲು ಮುಸ್ಸಂಜೆಗೆ ಎಮ್ಮೆಯ ಹಗ್ಗ ಎಡವಿದರು, ಆಮೇಲೆ ಹೊಸ್ತಿಲು ಎಡವಿದರು. ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿಯ ಕಣ್ಣಿನ ಡಾಕ್ಟರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಇದಕ್ಕೆ ಔಷಧ ಇಲ್ಲ ಎಂದರು. "ರಾತ್ರಿ ಕಾಣೂದ ಹೋಗೈತಿ. ಹಗಲಿಂದ ಐತಿ, ಆದ್ರ ಅದು ಎಷ್ಟ ವರ್ಷ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಇದ್ದಷ್ಟ ದಿನ ಹಗಲಿನ್ಯಾಗ ಕೆಲಸ ಮಾಡ್ರಿ" ಎಂದರು.

ಹಗಲಿನಲ್ಲಿ ಮಾಡಿರಿ ಎಂದು ಹೇಳಲು ಅವರಿಗೇನು? ಹೊಲಕ್ಕೆ ಬರುವ ಕರೆಂಟು ಒಂದು ವಾರ ಹಗಲಿಗೆ, ಒಂದು ವಾರ ರಾತ್ರಿಗೆ. ಬಾವಿ ನಾಲ್ಕು ಮನೆಗಳ ಪಾಲಿನದು, ನಮ್ಮವರಿಗೆ ಮತ್ತು ಅವರ ಮೂವರು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿಗೆ ಸರದಿಯ ಮೇಲೆ ಪಾಳಿ. ನಮ್ಮ ಪಾಳಿ ರಾತ್ರಿಯ ವಾರದಲ್ಲಿ ಬಿದ್ದಾಗ ಇವರು ಮನೆಯಲ್ಲಿ, ನಾನು ಬ್ಯಾಟರಿ ಹಿಡಿದು ಹೊಲದಲ್ಲಿ. ನನಗೆ ಆ ಕೈ ಇಲ್ಲ. ಎರಡು ಸಾಲು ಸರಿಯಾದರೆ ಮೂರನೆಯದು ಒಡೆಯುತ್ತಿತ್ತು. ಊರವರು ಬೇರೆ ಲೆಕ್ಕ ಹಾಕಿದರು. ಗಂಡಸು ಹಾಸಿಗೆ ಹಿಡಿದು ಮಲಗುತ್ತಾನೆ, ಹೆಂಗಸನ್ನು ಕತ್ತಲಿಗೆ ನೂಕುತ್ತಾನೆ, ಸೊಕ್ಕು ಬಂದಿದೆ ಎಂದರು. ಹೊಸ ಕಬ್ಬಿನ ಮೊದಲ ನೀರಿಗೆ ಕರೆಯುವುದನ್ನೂ ಮೆಲ್ಲಗೆ ಬಿಟ್ಟರು. ಕಣ್ಣಿನ ವಿಷಯ ಹೇಳಿಬಿಡೋಣ ಎಂದರೆ ಇವರು ಒಪ್ಪಲಿಲ್ಲ.

"ಸೊಕ್ಕ ಬಂದೈತಿ ಅನ್ಲಿ. ಕುರುಡ ಅನ್ನೂದ ಬ್ಯಾಡ" ಎಂದರು.

ಇಂಥ ಹೊತ್ತಿಗೆ ಕೇಳಿದ್ದು ಬಿಸಿಲಿನಿಂದ ನಡೆಯುವ ಪಂಪಿನ ಸುದ್ದಿ. ಬಹುಪಾಲು ಖರ್ಚು ಸರ್ಕಾರದ್ದು, ಉಳಿದದ್ದು ರೈತರದ್ದು. ಬಿಸಿಲಿದ್ದಷ್ಟು ಹೊತ್ತು ನೀರು, ರಾತ್ರಿಯ ಗೊಡವೆಯೇ ಇಲ್ಲ. ನನಗೆ ಆ ಪಂಪು ಕರೆಂಟಿನ ಬಿಲ್ಲು ಉಳಿಸುವುದು ಬೇಕಿರಲಿಲ್ಲ, ದೇಶ ಉದ್ಧಾರ ಮಾಡುವುದೂ ಬೇಕಿರಲಿಲ್ಲ. ಇವರ ಹಗಲುಗಣ್ಣು ಇರುವಷ್ಟು ದಿನವಾದರೂ ಸಲಿಕೆ ಇವರ ಕೈಯಲ್ಲಿ ಇರಬೇಕು, ಅಷ್ಟೇ ಬೇಕಿತ್ತು. ಅದಕ್ಕೇ ನನಗೆ ಅವಸರ.

ಈಗ ಆ ಅರ್ಜಿಯ ವಿಷಯ.

ನಾನು ನಿಪ್ಪಾಣಿ ಕಡೆಯ ಹುಡುಗಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಹತ್ತನೇ ಇಯತ್ತೆಯವರೆಗೆ ಓದು, ದುಂಡನೆಯ ಅಕ್ಷರ. ಮದುವೆಯಾಗಿ ಬಂದ ಮೇಲೆ ನಾಲ್ಕೂ ಮನೆಗಳ ಕಾಗದಪತ್ರ ನನ್ನ ಕೊರಳಿಗೆ ಬಿತ್ತು. ಹೊಲ ಹಂಚಿಕೊಂಡಾಗ ಹಿರಿಯರು ಒಂದು ಮಾತು ಹಿಡಿದರು. ಹೊಲ ಹಂಚಬಹುದು, ಮನೆ ಹಂಚಬಹುದು, ಬಾವಿ ಹಂಚಬಾರದು. ಯಾರೊಬ್ಬರ ಹೆಸರಿಗೆ ಬಾವಿ ಹೋದರೂ ನಾಳೆ ಅವನಿಗೆ ಗರ್ವ ಬರುತ್ತದೆ, ಉಳಿದವರಿಗೆ ಸಂಶಯ ಬರುತ್ತದೆ. ಮುತ್ಯಾನ ಹೆಸರಿನಲ್ಲೇ ಇದ್ದರೆ ಮುತ್ಯಾ ಯಾರ ಜೊತೆಗೂ ಜಗಳ ಆಡುವುದಿಲ್ಲ. ಇದು ನಮ್ಮ ಕಡೆಯ ಜಾಣತನ, ಹೀಗೆ ಸತ್ತ ಹಿರಿಯರ ಕೈಯಲ್ಲಿ ನೀರಿನ ನ್ಯಾಯ ಇಟ್ಟ ಮನೆಗಳು ಸುತ್ತಮುತ್ತ ಎಷ್ಟೋ ಇವೆ. ಬರೀ ಮಾತಿಗೆ ಬಿಡಲಿಲ್ಲ. ನಾಲ್ವರೂ ಅಣ್ಣತಮ್ಮಂದಿರು ಮಂಗಸೂಳಿಗೆ ಹೋಗಿ, ಮಲ್ಲಯ್ಯನ ಮುಂದೆ ಬಿಲ್ವಪತ್ರೆ ಮತ್ತು ಭಂಡಾರದ ಹಳದಿ ಪುಡಿ ಕೈಯಲ್ಲಿ ಎತ್ತಿ ಆಣೆ ಮಾಡಿದರು. ಬೇಲ್‌ಭಂಡಾರ ಎತ್ತಿದ ಮಾತು ನಮ್ಮಲ್ಲಿ ಕೋರ್ಟಿನ ತೀರ್ಪಿಗಿಂತ ಗಟ್ಟಿ.

ಆಮೇಲೆ ಊರ ಭೂಮಿಯ ಲೆಕ್ಕ ಇಡುವ ತಲಾಟಿ ಬಂದು ಸತ್ತವರ ಹೆಸರಿನ ಭೂಮಿಯನ್ನೆಲ್ಲ ವಾರಸುದಾರರ ಹೆಸರಿಗೆ ಮಾಡಿಕೊಡುತ್ತೇವೆ ಎಂದರು. ಪುಕ್ಕಟೆ, ಮನೆ ಬಾಗಿಲಿಗೆ. ನಾನು ಕೂತು ಒಂದು ಅರ್ಜಿ ಬರೆದೆ. ಹೊಲಗಳನ್ನೆಲ್ಲ ಮಾಡಿಕೊಡಿ, ಬಾವಿ ಇರುವ ಎರಡು ಗುಂಟೆಯನ್ನು ಮಾತ್ರ ನಮ್ಮೆಲ್ಲರ ಒಮ್ಮತದ ಮೇರೆಗೆ ಹಾಗೇ ಬಿಡಿ ಎಂದು ಬರೆದೆ. ಆ 'ಒಮ್ಮತದ ಮೇರೆಗೆ' ಎಂಬ ಮಾತಿಗೆ ತಲಾಟಿ ತಲೆದೂಗಿದರು. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆನೋ. ಈಗ ನನ್ನದೇ ದುಂಡಕ್ಷರ ನನ್ನ ದಾರಿಗೆ ಅಡ್ಡ ಮಲಗಿತ್ತು.

ಕರೆಂಟಿನ ಮೀಟರು ಸಹ ಮುತ್ಯಾನ ಹೆಸರಿನಲ್ಲೇ ಇತ್ತು. ನಮ್ಮ ಮನೆತನದಲ್ಲಿ ಸರ್ಕಾರದ ದೃಷ್ಟಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಬದುಕಿದ್ದವರು ಅವರೊಬ್ಬರೇ.

ಸಾಹೇಬರು ದಾರಿ ಹೇಳಿಕೊಟ್ಟರು. ವಂಶಾವಳಿ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಸ್ಟ್ಯಾಂಪ್ ಪೇಪರಿನ ಮೇಲೆ ಬೇಕು, ಬಾವಿ ಬದುಕಿರುವ ಒಬ್ಬರ ಹೆಸರಿಗೆ ಆಗಬೇಕು, ಹೊಸ ಉತಾರ, ಅಂದರೆ ಪಹಣಿ, ಬರಬೇಕು, ಆಮೇಲೆ ಅರ್ಜಿ. ಒಂದು ಕಾಗದ ತಂದರೆ ಇನ್ನೊಂದು ಹಳೆಯದಾಗುತ್ತಿತ್ತು. ಮೊಬೈಲಿಗೆ ಬರುವ ಅಂಕಿ ಹೇಳಿ ಎಂದರೆ ಮೊಬೈಲು ಕರೋಶಿಯಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಮೊಬೈಲು ಒಯ್ದ ದಿನ ಕಂಪ್ಯೂಟರಿಗೆ ಸರ್ವರ್ ಇಲ್ಲ. ಹೊರಗೆ ಕಟ್ಟೆಯ ಮೇಲೆ ಕೂತರೆ ನೆತ್ತಿ ಸುಡುವ ಬಿಸಿಲು. ಇದೇ ಬಿಸಿಲನ್ನು ಹೊಲದಲ್ಲಿ ಹಿಡಿದು ನೀರೆತ್ತಲು ನನಗೆ ಇಷ್ಟು ಕಾಗದ ಬೇಕು, ಆ ಸೂರ್ಯ ಮಾತ್ರ ಯಾರ ಉತಾರವನ್ನೂ ಕೇಳದೆ ದಿನಾ ಸುರಿಯುತ್ತಾನೆ ಎಂದು ಅಲ್ಲಿ ಕೂತವರಿಗೆಲ್ಲ ಕೇಳುವಂತೆ ಬೈದೆ. ಕೆಲವರು ನಕ್ಕರು. ಒಬ್ಬ ಅಜ್ಜ ತನ್ನ ಶೇಂಗಾದ ಪೊಟ್ಟಣ ಮುಂದೆ ಹಿಡಿದ.

ಆ ಸಾಹೇಬರು ಲಂಚ ಕೇಳಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೈದು ಹಗುರಾಗಬಹುದಿತ್ತು. ಅವರು ಒಂದು ಚಹಾ ಸಹ ಕುಡಿಸಿಕೊಳ್ಳಲಿಲ್ಲ. ನಿಯಮ ಹೀಗಿದೆ ಎಂದರು, ಹೌದು ಹಾಗೇ ಇತ್ತು. ಒಳ್ಳೆಯವರ ಮೇಲೆ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಬೇರೆ ಇಲ್ಲ, ಅದು ಹೊರಗೂ ಹೋಗುವುದಿಲ್ಲ, ಒಳಗೂ ನಿಲ್ಲುವುದಿಲ್ಲ.

ಅಣ್ಣತಮ್ಮಂದಿರನ್ನು ಕೂಡಿಸಿದೆ. ಇವರ ಕಣ್ಣಿನ ವಿಷಯ ಎತ್ತಲಿಲ್ಲ, ಹಗಲಿನ ನೀರು ನಾಲ್ವರಿಗೂ ಒಳ್ಳೆಯದು ಎಂದಷ್ಟೇ ಹೇಳಿದೆ. ಅವರಲ್ಲಿ ಹಿರಿಯವರು ಎಲೆಯಡಿಕೆ ಅಗಿಯುತ್ತ ಬಹಳ ಹೊತ್ತು ಕೇಳಿದರು.

"ಕಾಗದದ ಮ್ಯಾಲ ಒಬ್ಬರ ಹೆಸರ ಆಗ್ಲಿ, ನೀರಿನ ಮ್ಯಾಲ ನಾಲ್ಕೂ ಮಂದಿ ಪಾಳಿ ಇದ್ದಾಂಗ ಇರ್ಲಿ. ನಂದೇನ ಅಡ್ಡಿ ಇಲ್ಲ" ಎಂದರು. "ಆದ್ರ ಬೇಲ್‌ಭಂಡಾರ ಎತ್ತೇವಿ. ಅದನ್ನ ಬಿಡಸಾಕ ನಾವ ಯಾರು? ಮುತ್ಯಾನ ರಕ್ತದಾಗ ಈಗ ಹಿರೇರು ಅಂದ್ರ ಅತ್ತಿ ಒಬ್ಬಾಕಿನ. ಆಕಿ ಹೂಂ ಅಂದ್ರ ನಾ ಈಗಿಂದೀಗ ಸಹಿ ಮಾಡತೀನಿ."

ಅತ್ತಿ ಎಂದರೆ ಮುತ್ಯಾನ ಮಗಳು, ಇವರಿಗೆ ಸೋದರತ್ತೆ. ಅವರನ್ನು ಕೊಟ್ಟದ್ದು ಮಂಗಸೂಳಿಗೇ, ಆ ಆಣೆಯ ದಿನ ಗುಡಿಯಲ್ಲಿ ಸಾಕ್ಷಿಗೆ ನಿಂತಿದ್ದವರೂ ಅವರೇ. ಹೇಗೂ ವಾರಸುದಾರರ ಪಟ್ಟಿಯಲ್ಲಿ ಅವರ ಹೆಬ್ಬೆಟ್ಟು ಬೇಕೇ ಬೇಕಿತ್ತು.

ಒಂದು ರವಿವಾರ ಇಬ್ಬರೂ ಹೊರಟೆವು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ಸೇತುವೆ ದಾಟಿ ಮಂಗಸೂಳಿಗೆ ಇಳಿಯುವಾಗ ಮಧ್ಯಾಹ್ನ. ಮಲ್ಲಯ್ಯನ ವಾರ, ಓಣಿಯ ತುಂಬ ಹಣೆ ಹಳದಿಯಾದ ಭಕ್ತರು. ಅತ್ತೆ ಅಂಗಳದಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದರು. "ಅಗ ಬಾಯಿ! ಹಾದಿ ತಪ್ಪಿ ಬಂದೀರೇನು?" ಎಂದು ಎದ್ದು, ಬೇಡ ಬೇಡವೆಂದರೂ ಭಾಕರಿ ಝುಣಕ ಬಡಿಸಿದರು.

ಉಂಡ ಮೇಲೆ ನಾನು ಸುರು ಮಾಡಿದೆ. ಬಿಸಿಲು, ನೀಲಿ ಫಲಕ, ಸರ್ಕಾರದ ಪಾಲು, ನಮ್ಮ ಪಾಲು, ಹಗಲಿನ ನೀರು ಎಂದು ಭಾಷಣ ಬಿಗಿದೆ. ಅತ್ತೆ ಪೂರ್ತಿ ಕೇಳಿದರು. ಕೊನೆಗೆ ಶೇಂಗಾದ ಸಿಪ್ಪೆಯನ್ನು ಉಡಿಯಿಂದ ಝಾಡಿಸಿದರು.

"ಆಗೂದಿಲ್ಲ" ಎಂದರು.

"ಯಾಕ್ರಿ ಅತ್ತಿ?"

"ನನಗ ಅಪ್ಪ ಹೊಲ ಕೊಡಲಿಲ್ಲ, ಮನಿ ಕೊಡಲಿಲ್ಲ. ನಾನೂ ಕೇಳಲಿಲ್ಲ. ನೀವ ಎಲ್ಲಾ ಹಂಚಿಕೊಂಡ್ರಿ, ಎಲ್ಲಾದರ ಮ್ಯಾಲ ನಿಮ್ಮ ನಿಮ್ಮ ಹೆಸರ ಬರಸಿಕೊಂಡ್ರಿ. ನಮ್ಮಪ್ಪ ಅಂತ ಒಬ್ಬ ಇದ್ದ ಅನ್ನಾಕ ಆ ಬಾವಿ ಒಂದ ಉಳದೈತಿ. ಅದನ್ನೂ ಅಳಸಾಕ ನನ್ನ ಹೆಬ್ಬಟ್ಟ ಬೇಕೇನು?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ಅದು ನಾನಲ್ಲ. ಎಷ್ಟು ಕಚೇರಿ, ಎಷ್ಟು ಬಸ್ಸು, ಎಷ್ಟು ಬಿಸಿಲು ತಲೆಯಲ್ಲಿ ತುಂಬಿತ್ತೋ ಎಲ್ಲ ಒಮ್ಮೆಗೇ ನಾಲಿಗೆಗೆ ಬಂತು.

"ಸತ್ತವರ ಹೆಸರಿಗೆ ನೀರ ಹಾಸಿದ್ರ ಕಬ್ಬ ಬೆಳಿತೈತೇನ್ರಿ?" ಎಂದುಬಿಟ್ಟೆ.

ಅತ್ತೆಯ ಮುಖ ಸಣ್ಣದಾಯಿತು. ಮತ್ತೆ ಶೇಂಗಾಕ್ಕೆ ಕೈ ಹಾಕಿದರು. ಆ ಮಾತು ನುಂಗಿಕೊಳ್ಳಲು ಬರುವಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಇಂದಿಗೂ ನೆನೆಸಿಕೊಂಡರೆ ಮೈ ಮುದುಡುತ್ತದೆ.

ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದ ಇವರು, "ಅತ್ತಿ, ನನಗ ರಾತ್ರಿ ಕಣ್ಣ ಕಾಣಂಗಿಲ್ಲ" ಎಂದರು.

ಊರಿನಲ್ಲಿ ಯಾರಿಗೂ ಹೇಳದ ಮಾತು, ಅಣ್ಣತಮ್ಮಂದಿರಿಗೆ ಹೇಳದ ಮಾತು, ಸೊಕ್ಕಿನವ ಎಂದು ಕರೆಸಿಕೊಂಡು ಮುಚ್ಚಿಟ್ಟ ಮಾತು. ಅದನ್ನು ಅವರು ಹೊಲಕ್ಕೆ ಗೊಬ್ಬರ ಹಾಕಿದೆ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು.

"ನೀರ ಹಾಸಾಕ ಇಕಿ ಹೊಕ್ಕಾಳ. ಹಗಲಿನ್ಯಾಗ ನೀರ ಬಂದ್ರ ನಾ ಹೋಗ್ತೀನಿ" ಎಂದಷ್ಟೇ ಸೇರಿಸಿದರು.

ಅತ್ತೆ ಎದ್ದರು. ಇವರ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ನಿಮ್ಮ ಊರ ಮಂದಿ ಇಲ್ಲಿ ಜಾತ್ರಿಗಿ ಬಂದಾಗ ನಿನಗ ಬಾಯಿಗೆ ಬಂದಂಗ ಅಂತಿದ್ರಲ್ಲೋ. ನಾನೂ ಖರೇ ಅಂದಕೊಂಡಿದ್ನೆಲ್ಲೋ" ಎಂದು ಅತ್ತರು. ಒಳಗೆ ಹೋಗಿ ಜಗುಲಿಯಿಂದ ಚಿಟಿಕೆ ಭಂಡಾರ ತಂದು ಇವರ ಹಣೆಗೆ ಹಚ್ಚಿದರು, ನನ್ನ ಹಣೆಗೂ ಹಚ್ಚಿದರು. "ಆಣಿ ನಾ ಬಿಡಸೇನಿ ಅಂತ ಹೇಳ್ರಿ ಅವರಿಗೆ. ಎಲ್ಲಿ ಒತ್ತಬೇಕು?" ಎಂದರು. ನಾನು ಕಾಗದ ಬಿಚ್ಚಿ ಜಾಗ ತೋರಿಸಿದೆ. ಅವರ ಕಾಲು ಮುಟ್ಟಿದೆ, ಅವರು ತಲೆ ಸವರಿದರು.

ಅಲ್ಲಿಂದ ಬರುವಾಗ ನನಗೆ ಯುದ್ಧ ಗೆದ್ದ ಹಾಗೆ. ಗೆದ್ದದ್ದು ಅರ್ಧ ಮಾತ್ರ. ಉಳಿದವರ ಸಹಿ, ವಂಶಾವಳಿ, ನೋಟೀಸು, ನೋಟೀಸಿಗೆ ಯಾರ ತಕರಾರೂ ಇಲ್ಲವೆಂದು ಕಾಯುವ ದಿನಗಳು, ಇವೆಲ್ಲ ಮುಗಿದು ಇವರ ಹೆಸರಿನ ಹೊಸ ಉತಾರ ಕೈಗೆ ಬರುವಷ್ಟರಲ್ಲಿ ಒಂದು ಕಬ್ಬು ಕಡಿದು, ಬುಡದಿಂದ ಮತ್ತೆ ಚಿಗುರಿದ ಕುಳೆ ಮೊಳಕಾಲುದ್ದ ಬಂದಿತ್ತು. ಉತಾರವನ್ನು ಎದೆಗವಚಿಕೊಂಡು ಚಿಕ್ಕೋಡಿಗೆ ಹೋದೆ. ಅದೇ ಸಾಹೇಬರು. ಕಾಗದ ಒಂದೊಂದಾಗಿ ನೋಡಿ, "ಎಲ್ಲಾ ಬರೋಬರಿ ಅದಾವ್ರಿ" ಎಂದರು. ನಾನು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಆದ್ರ ಈ ವರ್ಷದ ಗುರಿ ಮುಗದೈತ್ರಿ ಅಕ್ಕಾರ. ಮತ್ತ ಸುರು ಆದಾಗ ಬರ್ರಿ."

"ಯಾವಾಗ ಸುರು ಆಗತೈತ್ರಿ?"

"ಅದು ಮ್ಯಾಲಿಂದ ಬರಬೇಕ್ರಿ."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಗುಡಿಯ ಬಾಗಿಲೇ ಹಾಕಿತ್ತು. ಆ ದಿನ ನಾನು ಕೂಗಾಡಿದೆ. ನನ್ನ ಗಂಡನ ಕಣ್ಣು ನಿಮ್ಮ ಗುರಿ ನೋಡಿಕೊಂಡು ಕಾಯುವುದಿಲ್ಲ ಎಂದು ಅಷ್ಟು ಜನರ ನಡುವೆ ಹೇಳಿಬಿಟ್ಟೆ. ಸಾಹೇಬರು ಎದ್ದು ನಿಂತು ನನಗೆ ನೀರು ತರಿಸಿದರು. ನನ್ನ ಅರ್ಜಿಯನ್ನು ತಮ್ಮ ಕಪಾಟಿನಲ್ಲೇ ಇಟ್ಟುಕೊಂಡು, ತೆರೆದ ದಿನ ತಾವೇ ಫೋನು ಮಾಡುವುದಾಗಿ ಹೇಳಿದರು. ಅಳು ಬಂದದ್ದು ಆಗ. ಬಸ್ಸಿನಲ್ಲಿ ಸೆರಗು ಮುಖಕ್ಕೆ ಒತ್ತಿಕೊಂಡು ಕೂತು ಕರೋಶಿಗೆ ಬಂದೆ. ಇವರು ಬಾಗಿಲಲ್ಲೇ ಕಾಯುತ್ತಿದ್ದರು.

"ಏನಾತು?"

"ಮುಂದಿನ ವರ್ಷ ಅಂತ."

"ಆಗ್ಲಿ ಬಿಡು. ಬಿಸಿಲ ಎಲ್ಲಿ ಓಡಿ ಹೊಕ್ಕೈತಿ" ಎಂದರು. ಆ ಸಮಾಧಾನಕ್ಕೂ ನನಗೆ ಸಿಟ್ಟು ಬಂತು. ನಿಮಗೇ ಬೇಡವಾದರೆ ನನಗೇನು ಹುಚ್ಚೇ ಎಂದು ಹರಿಹಾಯ್ದೆ.

ಮುಂದಿನ ವರ್ಷ ಸಾಹೇಬರು ಮಾತಿನಂತೆ ಫೋನು ಮಾಡಿದರು. ಅರ್ಜಿ ಹೋಯಿತು. ಮತ್ತೆ ಕಾಯುವುದು. ಪರಿಶೀಲನೆಗೆ ಒಬ್ಬರು ಬರಬೇಕಿತ್ತು, ಅವರು ಬರುವ ದಿನವೇ ಮಳೆ. ಇನ್ನೊಂದು ದಿನ ಬಂದರು, ಬಾವಿಯ ಆಳ ನೋಡಿದರು, ಹೋದರು. ಮಂಜೂರಾಯಿತು ಎಂದು ಮೊಬೈಲಿಗೆ ಸಂದೇಶ ಬಂದಾಗ ನಾನು ನಂಬದೆ ಮೂರು ಜನರ ಕೈಯಲ್ಲಿ ಓದಿಸಿದೆ. ಆಮೇಲೂ ಸಾಮಾನು ಬರಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆ ಕಡೆಯವರಿಗೆ ನನ್ನ ದನಿಯ ಗುರುತು ಸಿಕ್ಕು ಫೋನೇ ಎತ್ತದಂತಾದರು. ಈ ನಡುವೆ ರಾತ್ರಿಯ ಪಾಳಿ ಬಂದಾಗಲೆಲ್ಲ ನಾನೇ ಹೋಗುತ್ತಿದ್ದೆ, ಬೋದು ಒಡೆಸಿಕೊಂಡು ಬರುತ್ತಿದ್ದೆ.

ಕೊನೆಗೂ ರಾಯಬಾಗದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಸಾಮಾನು ಬಂತು. ನಾಲ್ಕು ಜನ ಬಂದು ಕಾಂಕ್ರೀಟು ಹಾಕಿ, ಕಂಬ ನಿಲ್ಲಿಸಿ, ನೀಲಿ ಫಲಕಗಳನ್ನು ತೆಂಕಣಕ್ಕೆ ಮುಖ ಮಾಡಿ ಬಿಗಿದರು. ಸುರು ಮಾಡುವ ದಿನ ನಾಲ್ಕೂ ಮನೆಯವರು ಸೇರಿದರು. ಇವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಹೊತ್ತು ಮೇಲೇರುತ್ತಿದ್ದಂತೆ ಗುಂಡಿ ಒತ್ತಿದರು. ಒಂದು ಉಸಿರಿನಷ್ಟು ತಡೆದು, ತೋಳುಗಾತ್ರದ ನೀರು ತೊಟ್ಟಿಗೆ ಧುಮುಕಿತು. ಹಾಡಹಗಲು, ಕರೆಂಟಿನ ಹಂಗಿಲ್ಲದ ನೀರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಕಾಣೆ. ಹೆಂಗಸರೆಲ್ಲ ನೀರಿಗೆ ಅರಿಷಿಣ ಕುಂಕುಮ ಹಾಕಿದೆವು.

ಒಂದೇ ಕೆಲಸ ಉಳಿದಿತ್ತು. ಫಲಾನುಭವಿಯನ್ನು ಫಲಕದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಕಳಿಸದಿದ್ದರೆ ಕಂಪನಿಯವರಿಗೆ ಸರ್ಕಾರದ ಪಾಲು ಬರುವುದಿಲ್ಲವಂತೆ. ಕಚೇರಿಯಿಂದ ಬಂದಿದ್ದ ಎಳೆಯ ನೌಕರರೊಬ್ಬರು ಇವರನ್ನು ಕಂಬದ ಹತ್ತಿರ ನಿಲ್ಲಿಸಿ ಎದುರಿಗೆ ಹೋಗಿ ಮೊಬೈಲು ಎತ್ತಿದರು. ಇವರು ಟೊಪ್ಪಿಗೆ ಸರಿ ಮಾಡಿಕೊಂಡು ನಕ್ಕರು. ಫಲಕ ಪೂರ್ತಿ ಬರುತ್ತಿಲ್ಲವೆಂದು ಆ ನೌಕರರು ಮಾತಿಲ್ಲದೆ ಬದುವಿನ ಮೇಲೆ ಬಹಳ ದೂರ ಪಕ್ಕಕ್ಕೆ ಸರಿದು ನಿಂತು ಕೈಯೆತ್ತಿದರು. ಇವರು ಮೊದಲಿನ ಕಡೆಗೇ ನೋಡಿ ನಗುತ್ತಿದ್ದರು. ಅಲ್ಲಿ ಈಗ ಬರೀ ಕಬ್ಬು ಇತ್ತು.

ನೌಕರರು ಕೈ ಬೀಸಿದರು. ಮತ್ತೆ ಬೀಸಿದರು. ನೀರಿನ ಸದ್ದಿನಲ್ಲಿ, "ಕಾಕಾ, ಇತ್ಲಾಗ ನೋಡ್ರಿ" ಎಂದದ್ದು ಇವರಿಗೆ ಕೇಳಿಸಲಿಲ್ಲ. ಸೇರಿದವರು ಕಾಕಾನಿಗೆ ಫೋಟೋದ ಹುಚ್ಚು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹತ್ತಿರ ಹೋಗಿ ಟೊಪ್ಪಿಗೆ ಸರಿ ಮಾಡುವವಳ ಹಾಗೆ ನಿಂತು, "ಕಾಣವಲ್ದೇನ್ರಿ?" ಎಂದೆ.

ಇವರು ನಗುವನ್ನು ಇಳಿಸಲೇ ಇಲ್ಲ. "ನನ್ನ ಮಾರಿ ಎತ್ಲಾಗ ತಿರಗಸಬೇಕೋ ಅತ್ಲಾಗ ತಿರಗಸಿ ನಿಂದ್ರಸು. ಫೋಟೋ ಆಗ್ಲಿ ಮೊದಲ" ಎಂದು ತುಟಿಯೊಳಗೇ ಹೇಳಿದರು.

ನಾನು ಗದ್ದ ಹಿಡಿದು ಮುಖ ತಿರುಗಿಸಿದೆ. ಫೋಟೋ ಆಯಿತು.

ಎಲ್ಲರೂ ಪೇಢೆ ತಿಂದು ಹೋದ ಮೇಲೆ ಬದುವಿನ ಮೇಲೆ ಇಬ್ಬರೇ ಕೂತೆವು. ಮೊದಲ ಪಾಳಿ ನಮ್ಮದೇ ಎಂದು ಅಣ್ಣತಮ್ಮಂದಿರು ಬಿಟ್ಟುಕೊಟ್ಟಿದ್ದರು, ನೀರು ನಮ್ಮ ಕಬ್ಬಿನ ಕಡೆ ಹರಿಯುತ್ತಿತ್ತು.

"ಯಾವಾಗಿಂದ?" ಎಂದೆ.

"ಹ್ವಾದ ದಸರಾದ ಮುಂಚೇಲಿಂದ. ನಡಬರಕ ಒಂದೀಟ ಕಾಣತೈತಿ, ಸುತ್ತಲೂ ಏನೂ ಇಲ್ಲ."

ಒಂದು ವರ್ಷ. ಒಂದೇ ಮನೆ, ಒಂದೇ ಒಲೆ. ಇವರು ನಿಪ್ಪಾಣಿಯ ಪೇಟೆಗೆ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಕ್ಕೆ ಆಲಸ್ಯವೆಂದು ಬೈದವಳು ನಾನು. ಚಿಕ್ಕೋಡಿಯ ಧ್ಯಾನದಲ್ಲಿ ಅವರ ಮುಖವನ್ನೇ ಸರಿಯಾಗಿ ನೋಡದೆ ಒಂದು ವರ್ಷ ಕಳೆದವಳು ನಾನು.

"ನನಗ್ಯಾಕ ಹೇಳಲಿಲ್ಲ?" ದನಿ ಏರಿತು. "ನಿಮ್ಮ ಸಲುವಾಗಿ ಓಡ್ಯಾಡಾಕತ್ತಿದ್ನಿ. ನಿಮ್ಮ ಕೈಯಾಗ ಸಲಿಕಿ ಬರ್ಲಿ ಅಂತ. ಹೇಳಿದ್ರ ಎಲ್ಲಾ ಹಣೇಬರಾ ಅಂದ ಓಡ್ಯಾಡೂದ ಬಿಟ್ಟಬಿಡತಿದ್ನಿ."

"ಅದಕ್ಕ ಹೇಳಲಿಲ್ಲ" ಎಂದರು. "ನೀ ಬಿಟ್ಟಿದ್ರ ಪಂಪ ಬರತಿರಲಿಲ್ಲ. ನೀ ಒಬ್ಬಾಕಿ ರಾತ್ರಿ ಹೊಲಕ್ಕ ಹ್ವಾದಾಗೆಲ್ಲಾ ನಾ ಒಂದ ದಿನಾನೂ ಕಣ್ಣ ಮುಚ್ಚಿಲ್ಲ. ಮಂಗಸೂಳ್ಯಾಗ ಅತ್ತಿ ಮುಂದ ಬಾಯಿ ಬಿಟ್ಟದ್ದೂ ನನ್ನ ಸಲಿಕಿ ಸಲುವಾಗಿ ಅಲ್ಲ."

ಜೀವನದಲ್ಲಿ ಮೊದಲ ಸಲ ಬೈಯಲು ಯಾರೂ ಸಿಗಲಿಲ್ಲ. ಸಾಹೇಬರಿಲ್ಲ, ಸರ್ಕಾರವಿಲ್ಲ, ಮುತ್ಯಾ ಇಲ್ಲ. ಸಲಿಕೆ ತೆಗೆದುಕೊಂಡು ಹೊಲದ ತಲೆಗೆ ಹೋಗಿ ನಿಂತೆ. ಬಿಸಿಲು ಚೆನ್ನಾಗಿತ್ತು, ಸಾಲುಗಳೂ ನಿಚ್ಚಳವಾಗಿದ್ದವು, ಆದರೆ ನನ್ನ ಕಣ್ಣು ತುಂ‍ಬಿ ತುಂಬಿ ಬಂದು ಎದುರಿನದು ಒಂದೂ ಕಾಣಲಿಲ್ಲ.

ಹಿಂದಿನಿಂದ ಇವರು ಕೂಗಿದರು.

"ಏ, ಎಡಗಡೆ ಬೋದ ಒಡದೈತಿ ನೋಡು. ಸಪ್ಪಳ ಕೇಳವಲ್ದೇನು? ಮಣ್ಣ ಹಾಕು."